ಕಾನೂನು ಓದುವವರಿಗೆ ಯಾವ ಸ್ಮೃತಿ?

ಕಾನೂನು ಓದುವ ಹುಡುಗ ಹುಡುಗಿಯರಿಗೆ ಕಣ್ಣುಮುಚ್ಚಿ ಉಸಿರು ನೋಡುವುದನ್ನು ಕಲಿಸಬೇಕು, ಅದರಿಂದ ಮನಸ್ಸು ಒಂದು ಕಡೆ ನಿಲ್ಲುತ್ತದೆ, ಓದಿದ್ದು ತಲೆಯಲ್ಲಿ ಉಳಿಯುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಇದು ಇಪ್ಪತ್ತು ವರ್ಷಕ್ಕೂ ಹಳೆಯ ಸಂಗತಿ. 2002ರಲ್ಲಿಯೇ ಲಿಯೊನಾರ್ಡ್ ರಿಸ್ಕಿನ್ ಎಂಬ ಕಾನೂನು ಪ್ರಾಧ್ಯಾಪಕರು, ಧ್ಯಾನದಿಂದ ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಏನು ಪ್ರಯೋಜನ ಎಂದು ಹಾರ್ವರ್ಡಿನ ಒಂದು ಕಾನೂನು ಪತ್ರಿಕೆಯಲ್ಲಿ ಉದ್ದನೆಯ ಲೇಖನ ಬರೆದರು. ನಮ್ಮಲ್ಲಿ ಇದಕ್ಕೆ ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಹೆಸರೇ ಚಲಾವಣೆಯಲ್ಲಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕೇರಿಗಳಿಂದ ಕರಿಕೋಟಿನ ಕನಸು ಕಟ್ಟಿಕೊಂಡು ಹೊರಟ ಮಕ್ಕಳ ಮುಂದೆ ಇದು ಬಂದು ನಿಂತರೆ ನಾವೇನು ಹೇಳಬೇಕು? ಬೇಡ ಅನ್ನಬೇಕೆ, ಬರಲಿ ಅನ್ನಬೇಕೆ?

‘ಇದೆಲ್ಲ ಹೊಟ್ಟೆ ತುಂಬಿದವರ ಆಟ ಬುಡಿ’ ಎಂದು ತಳ್ಳಿಹಾಕುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಮಳವಳ್ಳಿ ಆಚೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು, ಬಾಗಿಲಲ್ಲಿ ನಿಂತುಕೊಂಡೇ ಮಂಡ್ಯ ಸೇರುವ ಹುಡುಗನಿದ್ದಾನೆ. ಸ್ಕಾಲರ್‌ಶಿಪ್ಪು ಬಂದಿಲ್ಲ. ಹಾಸ್ಟೆಲ್ ಸೀಟು ಸಿಕ್ಕಿಲ್ಲ. ಮನೆಯಲ್ಲಿ ಸ್ವಸಹಾಯ ಸಂಘದ ಸಾಲದ ಕಂತು ಕಟ್ಟುವ ದಿನ ನಾಳೆ. ಮದ್ದೂರಿನ ಹುಡುಗಿ ಕೊಟ್ಟಿಗೆ ಬಳಿದು, ಹಾಲನ್ನು ಡೈರಿಗೆ ಹಾಕಿ, ತಂಗಿಯ ತಲೆ ಬಾಚಿ ರೈಲು ಹತ್ತುತ್ತಾಳೆ. (2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಒಂದು ಡಿಗ್ರಿಗೆ ಅದೂ ಒಂದು ಕಾರಣವಾಗಬಲ್ಲದು ಎಂಬುದು ಟೀಕೆ ಮಾಡುವವರಿಗೆ ಹೊಳೆಯುವುದಿಲ್ಲ.) ಇವರಿಬ್ಬರೂ ತರಗತಿಯಲ್ಲಿ ಕೂತಾಗ ಮನಸ್ಸು ಅಲೆಯುತ್ತದೆ. ಮೇಷ್ಟ್ರು ಅದನ್ನು ಚಂಚಲತೆ ಅನ್ನುತ್ತಾರೆ. ನಾವು ಕೇಳುವುದಿಷ್ಟೆ: ಆ ಮನಸ್ಸು ಅಲೆಯುತ್ತಿದೆಯೋ, ಅಥವಾ ತಾನು ಹೋಗಲೇಬೇಕಾದ ಕಡೆಗೆ ಹೋಗುತ್ತಿದೆಯೋ?

ಉಸಿರು ನೋಡುವ ಪಾಠದ ಬಗ್ಗೆ ಮಾತು ಬಂದಾಗ ಇಂಥ ಒಬ್ಬ ಹುಡುಗ ನಮಗೆ ಹೇಳಿದ್ದು ಹೀಗೆ: ‘ಕಣ್ ಮುಚ್ಚಿದ್ರೆ ಉಸ್ರು ಕಾಣಾಕಿಲ್ಲ ಸಾ, ನಮ್ಮವ್ವ ಕಬ್ಬಿನ ಗದ್ದೇಲಿ ಬಗ್ಗಿರದು ಕಾಣ್ತದೆ.’

ವ್ಯವಸ್ಥೆಯ ದೋಷವನ್ನು ಹುಡುಗನ ತಲೆಯೊಳಗಿನ ದೋಷ ಮಾಡಿ ತೋರಿಸುವುದು ಬಹಳ ಹಳೆಯ ಜಾಣತನ. ಹಿಂದೆ ‘ನಿನ್ನ ಕರ್ಮ’ ಅಂದರು. ಆಮೇಲೆ ‘ನಿನಗೆ ಮೆರಿಟ್ಟಿಲ್ಲ’ ಅಂದರು. ಈಗ ‘ನಿನಗೆ ಏಕಾಗ್ರತೆಯಿಲ್ಲ’ ಅನ್ನುತ್ತಾರೆ. ಸ್ಕಾಲರ್‌ಶಿಪ್ಪಿನ ಹಣ ಹೊತ್ತಿಗೆ ಕೊಡದ ಸರ್ಕಾರ, ಓದಲು ಒಂದು ಮೂಲೆ ಕೊಡದ ಊರು, ಅರ್ಥವಾಗದ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಇವೆಲ್ಲ ಹಾಗೆಯೇ ಇರಲಿ, ನೀನು ಮಾತ್ರ ಹತ್ತು ನಿಮಿಷ ಉಸಿರು ನೋಡು ಅಂದರೆ ಅದು ಪಾಠವಲ್ಲ, ಮೋಸ. ಏಕಾಗ್ರತೆ ಎಂದ ಕೂಡಲೆ ಮೇಷ್ಟ್ರುಗಳಿಗೆ ಮರದ ಮೇಲಿನ ಹಕ್ಕಿಯ ಕಣ್ಣನ್ನು ಮಾತ್ರ ಕಂಡ ಅರ್ಜುನನ ಕತೆ ನೆನಪಾಗುತ್ತದೆ. ಅದೇ ಗುರುವಿನ ಮಣ್ಣಿನ ಬೊಂಬೆಯ ಮುಂದೆ ಕಾಡಿನಲ್ಲಿ ಒಬ್ಬನೇ ನಿಂತು ಕಲಿತವನ ಏಕಾಗ್ರತೆ ಏನು ಕಡಿಮೆಯಿತ್ತೆ? ಅವನ ಹೆಬ್ಬೆರಳು ಎಲ್ಲಿ ಹೋಯಿತು ಎಂಬುದನ್ನು ಅದೇ ತರಗತಿಯಲ್ಲಿ ಹೇಳುವ ಮೇಷ್ಟ್ರು ನೂರಕ್ಕೆ ಒಬ್ಬರು.

ಇಷ್ಟೆಲ್ಲ ಹೇಳಿದ ಮೇಲೂ ಇದನ್ನು ಬೇಡ ಅನ್ನಲು ನಾವು ಸಿದ್ಧರಿಲ್ಲ. ಯಾಕೆಂದರೆ ಇದು ಅವರದಲ್ಲ.

ಮೈಂಡ್‌ಫುಲ್‌ನೆಸ್ ಎಂಬ ಪದ ಎಲ್ಲಿಂದ ಬಂತು ನೋಡಿ. ಪಾಳಿಯಲ್ಲಿ ‘ಸತಿ’ ಎಂಬ ಮಾತಿದೆ. ಸಂಸ್ಕೃತದಲ್ಲಿ ಅದೇ ‘ಸ್ಮೃತಿ’. ನೆನಪು, ಎಚ್ಚರದ ನೆನಪು. ಬುದ್ಧ ಹೇಳಿದ ಎಂಟು ದಾರಿಗಳಲ್ಲಿ ಏಳನೆಯದು ಸಮ್ಮಾ ಸತಿ. ಇದಕ್ಕೆ ಆ ಇಂಗ್ಲಿಷ್ ಪದವನ್ನು 1881ರ ಹೊತ್ತಿಗೆ ಬಳಕೆಗೆ ತಂದವನು ರೈಸ್ ಡೇವಿಡ್ಸ್ ಎಂಬ ವಿದ್ವಾಂಸ. ಆತ ಮೊದಲು ಸಿಲೋನಿನಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿ ನ್ಯಾಯ ಹೇಳುವ ಕೆಲಸದಲ್ಲಿದ್ದ. ಒಂದು ಮೊಕದ್ದಮೆಯಲ್ಲಿ ಯಾರಿಗೂ ಓದಲು ಬಾರದ ದಾಖಲೆಯೊಂದು ಮುಂದೆ ಬಂತು, ಅದು ಪಾಳಿಯಲ್ಲಿತ್ತು, ಅದನ್ನು ಓದಬೇಕೆಂಬ ಹಟಕ್ಕೆ ಪಾಳಿ ಕಲಿಯಲು ಹೊರಟ ಎಂದು ಅವನ ಬಗ್ಗೆ ಹೇಳುತ್ತಾರೆ. ಅಂದರೆ ಈ ಇಂಗ್ಲಿಷ್ ಪದದ ಹುಟ್ಟಿನ ಹಿಂದೆಯೂ ಒಂದು ಕೋರ್ಟು, ಒಂದು ಅರ್ಥವಾಗದ ಕಾಗದ ಇದ್ದವು! ಆಮೇಲೆ ಆ ಸಾಧನೆ ಬರ್ಮಾದ ಭಿಕ್ಷುಗಳ ಕೈಯಲ್ಲಿ ಉಳಿಯಿತು, ಬೆಳೆಯಿತು. 1969ರಲ್ಲಿ ಗೋಯೆಂಕಾ ಅದನ್ನು ಬರ್ಮಾದಿಂದ ಇಲ್ಲಿಗೆ ತಂದರು. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬಾತ ಅಮೆರಿಕದ ಮೆಸಾಚುಸೆಟ್ಸಿನಲ್ಲಿ ನೋವಿನಿಂದ ನರಳುವ ರೋಗಿಗಳಿಗೆ ಅದನ್ನು ಕಲಿಸಲು ಶುರುಮಾಡಿದ. ಅಲ್ಲಿಂದ ಅದು ಕಂಪನಿಗಳಿಗೆ ಹೋಯಿತು, ಸೈನ್ಯಕ್ಕೂ ಹೋಯಿತು. ದಾರಿಯಲ್ಲಿ ಎಲ್ಲೋ ಬುದ್ಧನನ್ನು ಹೊರಗೆ ನಿಲ್ಲಿಸಿ ಉಸಿರನ್ನು ಮಾತ್ರ ಒಳಕ್ಕೆ ಬಿಟ್ಟುಕೊಂಡರು. ಹೊರಗೆ ನಿಲ್ಲಿಸುವುದು ಅಂದರೇನು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕಾನೂನು ಓದುವವರು ಒಂದು ಕ್ಷಣ ನಿಂತು ಯೋಚಿಸಬೇಕು. ಸ್ಮೃತಿ ಎಂಬ ಒಂದೇ ಪದ ಈ ನೆಲದಲ್ಲಿ ಎರಡು ದಾರಿ ಹಿಡಿಯಿತು. ಒಂದು ಮನುವಿನ ಸ್ಮೃತಿ. ಅದು ಯಾರು ಯಾರಿಗೆ ತಲೆಬಾಗಬೇಕು, ಯಾರು ಅಕ್ಷರ ಮುಟ್ಟಬಾರದು ಎಂಬುದನ್ನು ನೆನಪಿಟ್ಟುಕೊಂಡು ಬಂದ ಸ್ಮೃತಿ. ಇನ್ನೊಂದು ಬುದ್ಧನ ಸ್ಮೃತಿ. ಮೈಯಲ್ಲಿ, ಮನಸ್ಸಿನಲ್ಲಿ, ಮುಂದಿರುವ ಲೋಕದಲ್ಲಿ ಈಗ ಏನು ನಡೆಯುತ್ತಿದೆ ಎಂಬುದನ್ನು ಮರೆಯದೆ ನೋಡುವ ಸ್ಮೃತಿ. ಮೊದಲನೆಯದಕ್ಕೆ ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬೆಂಕಿಯಿಟ್ಟರು. ಎರಡನೆಯದನ್ನು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ತಮ್ಮದಾಗಿ ಮಾಡಿಕೊಂಡರು. ಅವರು ವಕೀಲರು. 1935ರಲ್ಲಿ ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರೂ ಆದವರು. ಕಾನೂನು ವಿದ್ಯಾರ್ಥಿಗೆ ಎಚ್ಚರವನ್ನು ಯಾರಿಂದ ಕಲಿಸಬೇಕು ಎಂಬ ಪ್ರಶ್ನೆಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ.

ಆ ಮಹಾಡಿನ ಡಿಸೆಂಬರನ್ನೇ ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಮಾರ್ಚಿಯಲ್ಲಿ ಚೌಡಾರ್ ಕೆರೆಯ ನೀರು ಮುಟ್ಟಿದ್ದಾಗಿತ್ತು, ಪೆಟ್ಟು ತಿಂದದ್ದೂ ಆಗಿತ್ತು. ಡಿಸೆಂಬರಿನಲ್ಲಿ ಸಾವಿರಾರು ಜನ ಮತ್ತೆ ಕೆರೆಗೆ ಇಳಿಯಲು ಬಂದು ಸೇರಿದ್ದಾರೆ. ಅಷ್ಟರಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ತಮ್ಮದು, ಬೇರೆಯವರು ಮುಟ್ಟದಿರುವುದು ಅನಾದಿ ರೂಢಿ ಎಂದು ಹೇಳಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದಾರೆ. ಜನ ಕುದಿಯುತ್ತಿದ್ದಾರೆ. ಜೈಲಿಗೆ ಹೋಗಲೂ ತಯಾರಾಗಿದ್ದಾರೆ. ಬಾಬಾಸಾಹೇಬರು ಅವರಿಗೆ ತಿಳಿಹೇಳಿ ಕೆರೆಗೆ ಇಳಿಯುವುದನ್ನು ಮುಂದಕ್ಕೆ ಹಾಕಿಸಿದರು. ಸಿಟ್ಟಿರಲಿಲ್ಲವೆಂದಲ್ಲ, ಸ್ಮೃತಿಯನ್ನು ಸುಟ್ಟವರಿಗೆ ಸಿಟ್ಟಿಲ್ಲವೆ? ಆ ಸಿಟ್ಟನ್ನು ಅವರು ಒಂದು ಕಡತದ ಕಡೆಗೆ ತಿರುಗಿಸಿದರು. ಮೊಕದ್ದಮೆ ಹತ್ತು ವರ್ಷದ ಹತ್ತಿರ ನಡೆಯಿತು. 1937ರ ಮಾರ್ಚಿಯಲ್ಲಿ ಮುಂಬಯಿ ಹೈಕೋರ್ಟು, ಆ ರೂಢಿ ಅನಾದಿಯೆಂದು ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟಿತು. ಅನಾದಿ ಅಂದರೇನು? ‘ನಮಗೆ ನೆನಪಿರುವಷ್ಟು ಕಾಲದಿಂದ ಹೀಗೇ ಇದೆ’ ಎಂದು ತಾನೆ? ಯಾರ ನೆನಪು ಅದು? ಆ ನೆನಪಿಗೆ ದಾಖಲೆ ಎಲ್ಲಿದೆ? ಹತ್ತು ವರ್ಷ ಈ ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡದ್ದು ನಾವು ಹೇಳುವ ಸತಿ. ಅದು ಕಣ್ಣುಮುಚ್ಚಿದ್ದಲ್ಲ.

ಬಾಬಾಸಾಹೇಬರು ತೀರಿಕೊಂಡ ಮೇಲೆ 1957ರಲ್ಲಿ ಬಂದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸಿದ್ಧಾರ್ಥ ಮನೆಬಿಟ್ಟ ಕಾರಣವೇ ಬೇರೆ. ಮುದುಕ, ರೋಗಿ, ಹೆಣ ನೋಡಿ ಹೊರಟ ಎಂಬ ಹಳೆಯ ಕತೆಯನ್ನು ಅವರು ಒಪ್ಪಲಿಲ್ಲ. ಅವರ ಸಿದ್ಧಾರ್ಥ ಹೊರಟದ್ದು ರೋಹಿಣಿ ನದಿಯ ನೀರಿನ ಜಗಳದಿಂದ. ಶಾಕ್ಯರಿಗೂ ಕೋಲಿಯರಿಗೂ ನೀರಿಗಾಗಿ ಕಾದಾಟ ಬಂದಾಗ ಯುದ್ಧ ಬೇಡವೆಂದು ಸಭೆಯಲ್ಲಿ ಎದ್ದುನಿಂತು ಹೇಳಿದ, ಬಹುಮತಕ್ಕೆ ಸೋತ, ಅದಕ್ಕಾಗಿ ದೇಶ ಬಿಟ್ಟ. ಈ ಮಾತು ಮಂಡ್ಯ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ಕಾವೇರಿ ಗಲಾಟೆಯಲ್ಲಿ ಹೆದ್ದಾರಿಗೆ ಇಳಿಯುವವರು ನಾವು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ನೀರು ಕಾಯುವ ಮದ್ದೂರು, ಮಳವಳ್ಳಿಯವರೂ ನಾವೇ. ಆ ಕೊನೆಭಾಗದಲ್ಲೂ ಜಮೀನೇ ಇಲ್ಲದ ಕೇರಿಯವರಿಗೆ ನೀರು ಬಂದರೆಷ್ಟು, ಬಿಟ್ಟರೆಷ್ಟು ಎಂಬ ಪ್ರಶ್ನೆ ಯಾವ ಟ್ರಿಬ್ಯೂನಲ್ಲಿನ ಮುಂದೆಯೂ ಬರಲಿಲ್ಲ, ಅದು ಬೇರೆ. ನಾವು ಹೇಳಬಂದದ್ದು, ಬಾಬಾಸಾಹೇಬರ ಬುದ್ಧನಲ್ಲಿ ಮನಸ್ಸಿನ ತರಬೇತಿ ಲೋಕದ ಜಗಳದಿಂದ ಓಡಿಹೋಗುವ ದಾರಿಯಲ್ಲ. ಜಗಳದ ನಡುವೆ ಎದ್ದುನಿಂತು ಮಾತಾಡಿದವನಿಗೆ ಮುಂದೆ ಬೇಕಾದ ತರಬೇತಿ ಅದು.

ಇನ್ನು ಕಾನೂನಿಗೆ ಬರೋಣ. ಕಾನೂನಿನಲ್ಲಿ ಒಂದು ಹಳೆಯ ಲ್ಯಾಟಿನ್ ಸೂತ್ರವಿದೆ: ಎಚ್ಚರವಾಗಿರುವವರಿಗೆ ಕಾನೂನು ನೆರವಾಗುತ್ತದೆ, ನಿದ್ದೆಹೋದವರಿಗಲ್ಲ. ಕೇಳಲು ಚೆನ್ನಾಗಿದೆ. ಇದನ್ನು ನಮ್ಮ ಪಿಟಿಸಿಎಲ್ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಬೇರೆಯವರು ಬರೆಸಿಕೊಂಡಿದ್ದರೆ ಅದು ಅಸಿಂಧು, ಅಸಿಸ್ಟೆಂಟ್ ಕಮಿಷನರು ಅದನ್ನು ಬಿಡಿಸಿಕೊಡಬೇಕು ಎಂದು 1978ರ ಆ ಕಾಯ್ದೆ ಹೇಳಿತು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಬರೆಯದಿದ್ದರೂ ಅರ್ಜಿ ‘ಸಮಂಜಸ ಅವಧಿ’ಯೊಳಗೆ ಬರಬೇಕು ಅಂದಿತು. ಅಂದರೆ ಇಷ್ಟು ದಿನ ನಿದ್ದೆಮಾಡಿದಿರಿ ಎಂದು. 2023ರಲ್ಲಿ ವಿಧಾನಸಭೆ ಕಾಲಮಿತಿಯ ತೊಡಕು ತೆಗೆಯಲು ತಿದ್ದುಪಡಿ ತಂದಿತು, ಅದರ ಮೇಲೂ ಕೋರ್ಟುಗಳಲ್ಲಿ ವಾದ ನಿಂತಿಲ್ಲ. ಸಾಗುವಳಿ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಲು ಬಾರದ, ಸಾಲಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜ ನಿದ್ದೆಮಾಡುತ್ತಿದ್ದನೆ? ಅವನು ಬೆಳಗಿನ ಜಾವಕ್ಕೆ ಎದ್ದು ಗೌಡರ ಗದ್ದೆಗೆ ನೀರು ಕಟ್ಟುತ್ತಿದ್ದ. ಎಚ್ಚರ ಎಂಬುದು ಬರೀ ಮನಸ್ಸಿನ ಸ್ಥಿತಿಯಲ್ಲ, ಅದಕ್ಕೂ ಒಂದು ಜಮೀನು ಬೇಕು, ಅಕ್ಷರ ಬೇಕು, ಬಿಡುವು ಬೇಕು. ಆ ಅಜ್ಜನಿಗೆ ಸಿಕ್ಕದೆ ಹೋದದ್ದು ಈಗ ಮೊಮ್ಮಗನ ಕೈಗೆ ಸಿಕ್ಕಿದೆ. ಅವನು ಕಡತ ಓದುವಾಗ ಕಣ್ಣು ಜಾರಿದರೆ ಎರಡು ತಲೆಮಾರು ಜಾರುತ್ತದೆ. ಅದಕ್ಕೇ ಈ ಹುಡುಗರಿಗೆ ಏಕಾಗ್ರತೆ ಬೇಕೇ ಬೇಕು ಎಂದು ನಾವು ಹಟ ಹಿಡಿಯುವುದು. ಪರೀಕ್ಷೆಯ ಅಂಕಕ್ಕೆ ಅಲ್ಲ.

ದೌರ್ಜನ್ಯ ತಡೆ ಕಾಯ್ದೆಯನ್ನು ನೋಡಿ. 1989ರ ಆ ಕಾಯ್ದೆಯಲ್ಲಿ ಜಾತಿ ಹೆಸರು ಹಿಡಿದು ಬೈದದ್ದು ಅಪರಾಧವಾಗಲು ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. 2020ರ ನವೆಂಬರಿನಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ನಡೆದ ಮಾತು ಇದಕ್ಕೆ ಬರುವುದಿಲ್ಲ ಎಂದು ಆರೋಪವನ್ನು ತೆಗೆದುಹಾಕಿತು. ಈ ತೀರ್ಪು ಸರಿಯೋ ತಪ್ಪೋ ಎಂಬ ವಾದ ಇರಲಿ. ದೂರಿನಲ್ಲಿ ‘ಎಲ್ಲಿ’, ‘ಯಾರ ಮುಂದೆ’ ಎಂಬ ಎರಡು ಮಾತು ಬಿಟ್ಟುಹೋದರೆ ಹೊಡೆತ ತಿಂದವನ ನೋವು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಒಪ್ಪಿತು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಮೇಲ್ಮನವಿಯಲ್ಲಿ ಏನಾಗುತ್ತದೋ ಅದು ಮುಂದಿನ ಮಾತು. ಈ ಎರಡು ಊರುಗಳ ನಡುವೆ ಪೊಲೀಸು, ಹಣ, ಹೆದರಿಕೆ, ಸಂಘಟನೆ ಎಲ್ಲವೂ ಇದೆ. ಅವುಗಳ ಜೊತೆಗೆ ಇನ್ನೊಂದೂ ಇದೆ: ಹತ್ತು ವರ್ಷ ಒಂದು ರಾತ್ರಿಯನ್ನು ಮರೆಯದೆ ಇಟ್ಟುಕೊಂಡು, ಕಟಕಟೆಯಲ್ಲಿ ನಿಂತು, ಸವಾಲಿಗೆ ಸಿಕ್ಕಿಕೊಳ್ಳದೆ ಹೇಳುವ ಶಕ್ತಿ. ಅದಕ್ಕೆ ಸ್ಮೃತಿ ಅನ್ನದೆ ಮತ್ತೇನು ಅನ್ನೋಣ?

ಸಿಟ್ಟಿನ ಪ್ರಶ್ನೆ ಉಳಿಯಿತು. ಧ್ಯಾನ ಕಲಿಸುವವರು ಸಮಾಧಾನ ಸಮಾಧಾನ ಅನ್ನುತ್ತಾರೆ. 2024ರ ನವೆಂಬರಿನಲ್ಲಿ ಮಂಡ್ಯಕ್ಕೂ ಮದ್ದೂರಿಗೂ ನಡುವಿನ ಹನಕೆರೆಯಲ್ಲಿ ದಲಿತರು ಪೊಲೀಸರ ಕಾವಲಿನಲ್ಲಿ ಕಾಲಭೈರವೇಶ್ವರ ದೇವಸ್ಥಾನದೊಳಕ್ಕೆ ಹೋದರು. ಸವರ್ಣೀಯರಲ್ಲಿ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಬೇರೆ ಕಡೆ ನಡೆದರು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಎಪ್ಪತ್ತು ವರ್ಷ ದಾಟಿತ್ತು. ಆ ಸೀಮೆಯ ಹುಡುಗನೊಬ್ಬ ಮಾರನೆಯ ದಿನ ತರಗತಿಯಲ್ಲಿ 17ನೆಯ ವಿಧಿಯ ಪಾಠ ಕೇಳುತ್ತಾ ಕೂತಿದ್ದಾನೆ ಎಂದುಕೊಳ್ಳಿ, ಪಕ್ಕದ ಬೆಂಚಿನಲ್ಲಿ ಮೂರ್ತಿ ಎತ್ತಿಕೊಂಡು ಹೋದವರ ಮನೆಯ ಹುಡುಗನೂ ಕೂತಿದ್ದಾನೆ ಎಂದುಕೊಳ್ಳಿ. ಇಬ್ಬರಿಗೂ ಉಸಿರು ನೋಡಿ ಸಮಾಧಾನವಾಗಿರಿ ಅಂದರೆ ಆ ಸಮಾಧಾನ ಯಾರಿಗೆ ಲಾಭ? ಬುದ್ಧನ ಪಾಠ ಇಲ್ಲಿ ಬೇರೆಯೇ ಇದೆ ಎಂಬುದು ನಮ್ಮ ತಿಳಿವಳಿಕೆ. ಸಿಟ್ಟು ಬಂದಾಗ ಸಿಟ್ಟು ಬಂದಿದೆ ಎಂದು ತಿಳಿ. ಎಲ್ಲಿಂದ ಬಂತು ನೋಡು. ಅದು ನಿನ್ನನ್ನು ಎಳೆದುಕೊಂಡು ಹೋಗದ ಹಾಗೆ ನೋಡಿಕೋ. ಸಿಟ್ಟಿಲ್ಲದವನ ಹಾಗೆ ನಟಿಸು ಎಂದು ಅವನು ಎಲ್ಲೂ ಹೇಳಲಿಲ್ಲ. ಪಕ್ಕದ ಬೆಂಚಿನವನಿಗೂ ಇದೇ ಪಾಠ ಆಗಬೇಕು, ಅವನು ನೋಡಬೇಕಾದ್ದು ತನ್ನ ಹೇಸಿಗೆಯನ್ನು. ಮುಟ್ಟಿದರೆ ಮೈಲಿಗೆ ಎಂಬ ಭಾವ ಮೈಯೊಳಗೆ ಎಲ್ಲಿ ಏಳುತ್ತದೆ ಎಂದು ಕಣ್ಣುಮುಚ್ಚಿ ಹುಡುಕಲಿ. ಈ ಪಾಠವನ್ನು ಯಾವ ಶಿಬಿರದಲ್ಲೂ ಹೇಳಿಕೊಟ್ಟದ್ದನ್ನು ನಾವು ಕೇಳಿಲ್ಲ.

ಮೌನದ ವಿಷಯಕ್ಕೂ ಎಚ್ಚರ ಬೇಕು. ಕೈಕಟ್ಟಿ, ಬಾಯಿಮುಚ್ಚಿ, ತಲೆತಗ್ಗಿಸಿ ಕೂರುವುದು ನಮ್ಮ ಜನಕ್ಕೆ ಹೊಸದಲ್ಲ. ಹಟ್ಟಿಯಿಂದ ಬಂದ ಹುಡುಗಿಗೆ ‘ಸುಮ್ಮನೆ ಕೂತ್ಕೋ’ ಅನ್ನುವುದಕ್ಕೂ ವಕೀಲರ ಮನೆಯ ಹುಡುಗನಿಗೆ ಅನ್ನುವುದಕ್ಕೂ ಒಂದೇ ಅರ್ಥವಲ್ಲ. ಅವಳಿಗೆ ಮೊದಲು ಬಾಯಿ ಬರಬೇಕು. ಆದ್ದರಿಂದ ಕಣ್ಣು ಮುಚ್ಚಲೇಬೇಕೆಂಬ ಕಟ್ಟಳೆ ಬೇಡ. ನಮ್ಮ ಸೀಮೆಯಲ್ಲೇ ಬೇರೊಂದು ಮಾದರಿಯಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಗದ್ದಿಗೆಯ ಊರು. ಅಲ್ಲಿನ ನೀಲಗಾರರು ಪುಸ್ತಕ ಹಿಡಿಯದೆ, ತಂಬೂರಿ ಮೀಟುತ್ತಾ ರಾತ್ರಿಯಿಡೀ ಕತೆ ಹಾಡುತ್ತಾರೆ. ಸಾವಿರಾರು ಸಾಲು ಅವರ ನಾಲಿಗೆಯ ಮೇಲಿದೆ. ಇದು ಏಕಾಗ್ರತೆಯಲ್ಲವೆ? ಅವರು ಸುಮ್ಮನೆ ಕೂತು ಕಲಿತದ್ದಲ್ಲ, ಹಿಮ್ಮೇಳದಲ್ಲಿ ದನಿಗೂಡಿಸಿ ಕಲಿತದ್ದು, ಗುರುವಿನ ಪಕ್ಕ ನಿಂತು ಕಲಿತದ್ದು. ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿಯನ್ನು ಅಲ್ಲಿನ ದೊಡ್ಡವರು ಗುರುತು ಹಿಡಿಯದೆ ಹೋದ ಪ್ರಸಂಗವನ್ನು ಅವರು ಹಾಡುವಾಗ ಕೇಳಬೇಕು. ಎದುರಿಗೆ ಬಂದು ನಿಂತವನನ್ನು ನೋಡಲಾರದ ಶರಣರ ಧ್ಯಾನ ಎಂಥದು ಎಂದು ಅಕ್ಷರ ಕಲಿಯದ ಗಾಯಕ ಕೇಳುತ್ತಾನೆ.

ಹಾಗಾದರೆ ಮಂಡ್ಯದಲ್ಲಿ ಕಾನೂನು ಕಲಿಸುವ ಗೆಳೆಯರು ಏನು ಮಾಡಬಹುದು? ಮೊದಲು ಹಾಸ್ಟೆಲಿನಲ್ಲಿ ಓದಲು ದೀಪವಿರುವ, ಗಲಾಟೆಯಿಲ್ಲದ ಒಂದು ಕೋಣೆಗಾಗಿ ಹುಡುಗರ ಜೊತೆ ನಿಂತು ಅರ್ಜಿ ಕೊಡಲಿ. ಆಮೇಲೆ ಉಸಿರಿನ ಪಾಠ ಹತ್ತು ನಿಮಿಷ ನಡೆಯಲಿ, ಅದಕ್ಕೆ ಖರ್ಚೇನೂ ಇಲ್ಲ. ಮನಸ್ಸು ಓಡಿಹೋದರೆ ಅದು ಸೋಲಲ್ಲ, ಓಡಿದ್ದನ್ನು ಕಂಡು ವಾಪಸು ಕರೆತರುವುದೇ ಅಭ್ಯಾಸ ಎಂದು ತಿಳಿಹೇಳಲಿ. ಕಬ್ಬಿನ ಗದ್ದೆಯಲ್ಲಿ ಬಗ್ಗಿದ ಅವ್ವ ಕಂಡರೆ ಅವಳನ್ನು ಓಡಿಸಬೇಕಾಗಿಲ್ಲ. ಅವಳಿಗೆ ಸಿಗುವ ಕೂಲಿ ಎಷ್ಟು, ಕನಿಷ್ಠ ಕೂಲಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ಬರೆದಿಟ್ಟುಕೊಂಡು ಮತ್ತೆ ಪುಟಕ್ಕೆ ಬರಲಿ. ತೀರ್ಪನ್ನು ಓದಿ, ಪುಸ್ತಕ ಮುಚ್ಚಿ, ನಡೆದ ಸಂಗತಿ ಏನು, ಕೋರ್ಟಿನ ಮುಂದಿದ್ದ ಪ್ರಶ್ನೆ ಯಾವುದು, ಯಾರ ಮಾತು ಎಲ್ಲೂ ದಾಖಲಾಗಿಲ್ಲ ಎಂದು ಕನ್ನಡದಲ್ಲಿ ಪಕ್ಕದವರಿಗೆ ಹೇಳಲಿ.

ಇನ್ನೊಂದು ಪಾಠ ತರಗತಿಯ ಹೊರಗಿನದು. ತಿಂಗಳಿಗೊಮ್ಮೆ ಮದ್ದೂರಿನ, ಮಳವಳ್ಳಿಯ ಕೋರ್ಟುಗಳಿಗೆ, ಮಂಡ್ಯದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕು. ಮೊಬೈಲು ಚೀಲದಲ್ಲಿರಲಿ. ಕಟಕಟೆಯಲ್ಲಿ ನಿಂತ ಹೆಂಗಸು, ‘ಊರ ಮುಂದೆ ಅರಳಿಕಟ್ಟೆ ತಾವ, ಎಲ್ರೂ ನೋಡ್ತಿದ್ದಂಗೆ, ಜಾತಿ ಎತ್ತಿ ಬೋದ್ರು ಸಾಮಿ’ ಅನ್ನುತ್ತಾಳೆ. ಟೈಪಾದ ಹಾಳೆಯಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂದು ಬಂದರೆ ಅರಳಿಕಟ್ಟೆಯೂ ಹೋಯಿತು, ನೋಡುತ್ತಿದ್ದವರೂ ಹೋದರು, ಜಾತಿಯೂ ಹೋಯಿತು. ಅವಳು ಆಡಿದ್ದೇನು, ಹಾಳೆಗೆ ಇಳಿದದ್ದೇನು, ಎರಡನ್ನೂ ವಿದ್ಯಾರ್ಥಿಗಳು ಪಕ್ಕಪಕ್ಕದಲ್ಲಿ ಬರೆದುಕೊಂಡು ಬರಲಿ. ಮಾರನೆಯ ದಿನದ ಪಾಠ ಆ ಹಾಳೆಯಿಂದ ಶುರುವಾಗಲಿ.